ಲೀಗಲ್ ಏಡ್ ಕ್ಲಿನಿಕ್ ಕೆಲಸಕ್ಕೆ ಸರ್ಟಿಫಿಕೇಟ್
ಜನರಿಗೆ ಉಚಿತವಾಗಿ ಕಾನೂನು ನೆರವು ಕೊಡುವ ಕಾಲೇಜಿನ ಲೀಗಲ್ ಏಡ್ ಕ್ಲಿನಿಕ್‌ನಲ್ಲಿ ಎರಡು ವರ್ಷ ದುಡಿದರೂ ಕಾಲೇಜು ಸರ್ಟಿಫಿಕೇಟ್ ಕೊಡುತ್ತಿಲ್ಲ ಅಂದಿರಲ್ಲ, ನಮಗೂ ಹೀಗೇ ಆಗಿತ್ತು. ಮಾಡಿದ ಕೆಲಸಕ್ಕೆ ದಾಖಲೆ ಇಲ್ಲದ್ದೇ ತೊಂದರೆ ಇರಬೇಕು.

ಮೊದಲು ಒಂದು ನೋಟ್‌ಬುಕ್ ಇಡಿ. ತಾರೀಕು, ಗಂಟೆ, ಕೆಲಸ ಬರೆಯಿರಿ: ‘ವಿಧವಾ ವೇತನದ ಅರ್ಜಿ ಬರೆದುಕೊಟ್ಟೆ, 2 ಗಂಟೆ’ ಅನ್ನೋ ಥರ. ಬಂದವರ ಹೆಸರು ಬೇಡ. ವಾರಕ್ಕೊಮ್ಮೆ ಕ್ಲಿನಿಕ್ ನೋಡಿಕೊಳ್ಳುವ ಮೇಷ್ಟ್ರ ಸಹಿ ಹಾಕಿಸಿ.

ಆಮೇಲೆ ಪ್ರಿನ್ಸಿಪಾಲರಿಗೆ ಅರ್ಜಿ ಕೊಡಿ. ಸುಮ್ನೆ ಬಾಯಲ್ಲಿ ಕೇಳಿದರೆ ಆಗಲ್ಲ. ಕಾನೂನು ಶಿಕ್ಷಣಕ್ಕೆ ನಿಯಮ ಮಾಡುವ ಬಾರ್ ಕೌನ್ಸಿಲ್‌ನ 2008ರ ನಿಯಮದಂತೆ ಪ್ರತಿ ಕಾನೂನು ಕಾಲೇಜಿನಲ್ಲೂ ಈ ಕ್ಲಿನಿಕ್ ಇರಲೇಬೇಕು. ಅದನ್ನೂ ಅರ್ಜಿಯಲ್ಲಿ ಸೇರಿಸಿ. ಹಳೆಯ ಎರಡು ವರ್ಷವನ್ನು ಒಪ್ಪುವುದು ಬಿಡುವುದು ಮಾತ್ರ ಅವರ ಮನಸ್ಸು.

ಒಪ್ಪದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಪ್ಯಾರಾ ಲೀಗಲ್ ವಾಲಂಟಿಯರ್ (ಜನರಿಗೆ ಕಾನೂನು ನೆರವು ಸಿಗಲು ಸಹಾಯ ಮಾಡುವ ಸ್ವಯಂಸೇವಕರು) ಆಯ್ಕೆ ಯಾವಾಗ ಅಂತ ಕೇಳಿ. ಕಾನೂನು ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು.