ಹಿತ್ತಲಿಗೆ ಬರುವ ನರಿಯ ಬಾಲದ ಕೂದಲು ಉದುರಿದೆ. ಊಟ ಹಾಕಿ ಹತ್ತಿರ ಮಾಡಿಕೊಂಡು ಔಷಧಿ ಕೊಡಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಮೂರು ವಾರದಿಂದ ಒಂದು ಕೆಂಪು ನರಿ ಸಂಜೆ ಹೊತ್ತು ಹಿತ್ತಲಿಗೆ ಬರುತ್ತಿದೆ, ಬಡಕಲಾಗಿದೆ, ಬಾಲದ ಬುಡದಲ್ಲಿ ಕೂದಲಿಲ್ಲ, ಒಮ್ಮೊಮ್ಮೆ ಹಗಲಲ್ಲೂ ಕಾಣಿಸುತ್ತದೆ ಎಂದಿದ್ದೀರಿ. ಕೈಯಿಂದ ತಿನ್ನಿಸಿ ಪಳಗಿಸಿದರೆ ಔಷಧಿ ಕೊಡೋದು ಸುಲಭ ಅಲ್ವಾ ಅಂತ ಕೇಳಿದ್ದೀರಿ.

ದಯವಿಟ್ಟು ಕೈಯಿಂದ ತಿನ್ನಿಸಬೇಡಿ. ನಾನು ಆ ತಪ್ಪು ಮಾಡಿದ್ದೇನೆ.

ಒಂಬತ್ತು ವರ್ಷದಿಂದ ನಮ್ಮ ಹಿತ್ತಲಿಗೆ ನರಿಗಳು ಬಂದುಹೋಗುತ್ತಿವೆ. ಮೊದಲು ಬಂದದ್ದು ಒಂದು ಗಂಡು. ಎಡಗಿವಿಯ ತುದಿ ಹರಿದಿತ್ತು. ನಾನು ಮೆಟ್ಟಿಲ ಮೇಲೆ ಕೂತು ಒಂದು ಮೊಟ್ಟೆ ಇಡುತ್ತಿದ್ದೆ. ದಿನಕ್ಕೊಂದು ಹೆಜ್ಜೆ ಹತ್ತಿರ ಬರುತ್ತಿತ್ತು. ಎರಡು ತಿಂಗಳಲ್ಲಿ ಕೈಯಿಂದಲೇ ಮೊಟ್ಟೆ ತೆಗೆದುಕೊಳ್ಳತೊಡಗಿತು. ಒಂದು ಹಲ್ಲೂ ತಾಗದ ಹಾಗೆ, ಅಷ್ಟು ನಾಜೂಕಾಗಿ. ಅದರ ಮೀಸೆ ಬೆರಳಿಗೆ ಸವರಿದ್ದು ಇವತ್ತಿಗೂ ನೆನಪಿದೆ. ಆದರೆ ನಾನು ಬೇರೆ, ಪಕ್ಕದ ಮನೆಯವರು ಬೇರೆ ಅನ್ನೋದು ಅದಕ್ಕೆ ಹೇಗೆ ಗೊತ್ತಾಗಬೇಕು? ಮನುಷ್ಯರ ಹತ್ತಿರ ಹೋದರೆ ಊಟ ಸಿಗುತ್ತದೆ ಎಂದು ಕಲಿತುಬಿಟ್ಟಿತ್ತು. ಒಂದು ಸಂಜೆ ಆಟವಾಡುತ್ತಿದ್ದ ಮಗುವಿನ ಮುಂದೆ ಹೋಗಿ ನಿಂತಿತು. ಮಗುವಿನ ಅಪ್ಪ ಗಾಬರಿಯಾಗಿ ದೊಣ್ಣೆ ಬೀಸಿದರು. ಮರುದಿನ ಬೇಲಿಯ ಬುಡದಲ್ಲಿ ಸತ್ತು ಬಿದ್ದಿತ್ತು. ಅವರ ಮೇಲೆ ನನಗೆ ಕೋಪವಿಲ್ಲ. ಅದರ ಭಯ ಬಿಡಿಸಿದವಳು ನಾನು.

ನರಿ ಪಳಗುವುದೇ ಇಲ್ಲ ಎಂದಲ್ಲ. 1959ರಲ್ಲಿ ಸೈಬೀರಿಯಾದ ನೊವೊಸಿಬಿರ್ಸ್ಕ್‌ನಲ್ಲಿ ದ್ಮಿತ್ರಿ ಬೆಲ್ಯಾಯೆವ್ ಎಂಬ ವಿಜ್ಞಾನಿ, ತುಪ್ಪಳಕ್ಕಾಗಿ ಸಾಕಿದ್ದ ನರಿಗಳಲ್ಲಿ ತೀರಾ ಸಾಧುವಾದವನ್ನು ಮಾತ್ರ ಆರಿಸಿ ಮರಿ ಮಾಡಿಸಲು ಶುರು ಮಾಡಿದರು. ಹಾಗೆ ತಲೆಮಾರುಗಟ್ಟಲೆ ಆರಿಸಿದ ಮೇಲೆ ನಾಯಿಯಂತೆ ಬಾಲ ಅಲ್ಲಾಡಿಸುವ ನರಿಗಳು ಹುಟ್ಟಿದವು. ನಿಮ್ಮ ಹಿತ್ತಲಿನ ನರಿ ಒಂದು ಚಳಿಗಾಲದಲ್ಲಿ ಹಾಗಾಗುವುದಿಲ್ಲ.

ಈಗ ಆ ಬಾಲದ ವಿಷಯ. ಮೊದಲು ಅದು ಕಜ್ಜಿಯೋ, ಸುಮ್ನೆ ಕೂದಲು ಬದಲಾಗುತ್ತಿದೆಯೋ ನೋಡಿ. ಚಳಿ ಕಳೆದ ಮೇಲೆ ನರಿ ದಪ್ಪ ಕೂದಲು ಉದುರಿಸುತ್ತದೆ. ಕಾಲಿನಿಂದ ಶುರುವಾಗಿ ಮೇಲಕ್ಕೆ ಹೋಗುತ್ತದೆ, ಹರಿದ ಕಂಬಳಿ ಹೊದ್ದ ಹಾಗೆ ಕಾಣುತ್ತದೆ, ಆದರೆ ಅಡಿಯಲ್ಲಿ ಗಿಡ್ಡ ಹೊಸ ಕೂದಲಿರುತ್ತದೆ. ಕಜ್ಜಿ ಹಾಗಲ್ಲ. ಸಾಮಾನ್ಯವಾಗಿ ಬಾಲದ ಬುಡ, ಹಿಂಭಾಗದಿಂದ ಹಬ್ಬುತ್ತದೆ. ಚರ್ಮ ಬೋಳಾಗಿ, ದಪ್ಪಗಾಗಿ, ಹಕ್ಕಳೆ ಕಟ್ಟುತ್ತದೆ. ನರಿ ನಾಲ್ಕು ಹೆಜ್ಜೆ ನಡೆದು ಕೂತು ಕೆರೆದುಕೊಳ್ಳುತ್ತದೆ, ಮತ್ತೆ ಎದ್ದು ನಾಲ್ಕು ಹೆಜ್ಜೆ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಚರ್ಮದೊಳಗೆ ಕೊರೆದು ಮೊಟ್ಟೆ ಇಡುವುದರಿಂದ ಈ ಹಿಂಸೆ. ಜಾಸ್ತಿಯಾದರೆ ಕಣ್ಣೂ ಮುಚ್ಚಿಹೋಗುತ್ತದೆ, ಬೇಟೆಯಾಡಲು ಆಗುವುದಿಲ್ಲ, ಕೆಲವೇ ತಿಂಗಳಲ್ಲಿ ಸಾಯಬಹುದು. ನೀವು ಹೇಳಿದ ಲಕ್ಷಣ ಕೇಳಿದರೆ ನನಗೆ ಕಜ್ಜಿಯದ್ದೇ ಅನುಮಾನ.

ಸಮಾಧಾನದ ಮಾತೆಂದರೆ ಇದಕ್ಕೆ ಔಷಧಿ ಇದೆ. ಆದರೆ ನೀವೇ ತಂದು ಊಟದಲ್ಲಿ ಬೆರೆಸಿ ಇಟ್ಟು ಮಲಗಿಬಿಡಬೇಡಿ. ರಾತ್ರಿ ಅದನ್ನು ತಿಂದವರು ಯಾರು ಅಂತ ಹೇಗೆ ಗೊತ್ತಾಗುತ್ತದೆ? ಐವರ್‌ಮೆಕ್ಟಿನ್ ಈ ಕಾಯಿಲೆಗೆ ಬಳಸುವ ಒಂದು ಔಷಧಿ. ಕಾಲೀ (Collie) ಎಂಬ ಕುರಿ ಕಾಯುವ ಜಾತಿಯ ಎಷ್ಟೋ ನಾಯಿಗಳಿಗೆ ಅದು ವಿಷವಾಗಬಹುದು, ಆ ನಾಯಿಗಳ ಜೀನ್‌ನಲ್ಲೇ ಒಂದು ದೋಷವಿರುತ್ತದೆ. ತೂಕ ನೋಡಿ ಪ್ರಮಾಣ ಹಾಕಬೇಕು, ಹೆಣ್ಣಾದರೆ ಬಸುರಿಯೋ ಎಂದೂ ಯೋಚಿಸಬೇಕು. ವನ್ಯಜೀವಿ ರಕ್ಷಣೆ ಮಾಡುವವರನ್ನೋ ಪಶುವೈದ್ಯರನ್ನೋ ಕೇಳಿಯೇ ಮುಂದುವರಿಯಿರಿ. ಕಾಡುಪ್ರಾಣಿಗೆ ಔಷಧಿ ಕೊಡಲು ಅನುಮತಿ ಬೇಕಾದ ಕಡೆಗಳೂ ಇವೆ.

ನಾಲ್ಕು ವರ್ಷದ ಹಿಂದೆ ಬಂದ ಒಂದು ಹೆಣ್ಣು ನರಿಗೆ ಹೀಗೇ ಆಗಿತ್ತು. ರಕ್ಷಣಾ ತಂಡದವರು ಹೇಳಿದ ಹಾಗೆ ಒಂದು ವಾರ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಮನೆಯಿಂದ ದೂರ, ಒಂದು ಹಿಡಿ ಊಟ ಇಟ್ಟೆ. ಅದು ಬರುವ ಹೊತ್ತು ಖಚಿತವಾದ ಮೇಲೆ ಅವರು ಕೊಟ್ಟ ಔಷಧಿ ಬೆರೆಸಿಟ್ಟು, ದೀಪ ಆರಿಸಿ, ಕಿಟಕಿಯ ಹಿಂದೆ ನಿಂತೆ. ಪೂರ್ತಿ ತಿಂದು ಹೋಗುವವರೆಗೂ ಕದಲಲಿಲ್ಲ. ಸುಮಾರು ಒಂದು ತಿಂಗಳಿಗೆ ಬೋಳು ಬಾಲದ ಮೇಲೆ ಬೂದು ಬಣ್ಣದ ನವಿರು ಮೂಡಿತು. ಅಷ್ಟೂ ದಿನ ಅದು ನನ್ನ ಮುಖ ನೋಡಲೇ ಇಲ್ಲ. ಬಾಗಿಲ ಚಿಲಕದ ಸದ್ದಾದರೆ ಮಾಯ. ಅದು ಹಾಗೆ ಓಡಿದಾಗೆಲ್ಲ ನನಗೆ ಸಮಾಧಾನವಾಗುತ್ತಿತ್ತು.

ಮನೆಯಲ್ಲಿ ನಾಯಿ ಇದ್ದರೆ ನರಿ ಮಲಗುವ, ಓಡಾಡುವ ಜಾಗದಿಂದ ದೂರ ಇಡಿ, ಕಜ್ಜಿ ಅಂಟುತ್ತದೆ. ನರಿಯ ಹಿಕ್ಕೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಅದರಲ್ಲಿ ಲಾಡಿಹುಳುವಿನ ಮೊಟ್ಟೆ ಇರಬಹುದು.

ಹಗಲಲ್ಲಿ ಕಂಡರೆ ಹುಚ್ಚು ಹಿಡಿದಿದೆ ಎಂದು ಹೆದರಬೇಕಿಲ್ಲ. ಮರಿ ಇರುವ ತಾಯಿ ಹಗಲಲ್ಲೂ ಬೇಟೆಗೆ ಹೊರಡುತ್ತದೆ. ತೂರಾಡುತ್ತಿದ್ದರೆ, ಜೊಲ್ಲು ಸುರಿಸುತ್ತಿದ್ದರೆ, ಕಾರಣವಿಲ್ಲದೆ ಮೇಲೆ ಬಿದ್ದರೆ ಮಾತ್ರ ಒಳಗೆ ಹೋಗಿ ಫೋನ್ ಮಾಡಿ. ರೇಬಿಸ್ ವಿಷಯದಲ್ಲಿ ಒಂದು ಸಂಗತಿ ನನಗೆ ತುಂಬ ಇಷ್ಟ. 1978ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಕೋಳಿ ತಲೆಗಳಲ್ಲಿ ಲಸಿಕೆ ಇಟ್ಟು ನರಿಗಳು ಓಡಾಡುವ ಕಡೆ ಹಾಕಿದರು. ಲಸಿಕೆ ಕೊಡಲು ಒಂದು ನರಿಯನ್ನೂ ಹಿಡಿಯಬೇಕಾಗಲಿಲ್ಲ, ಮುಟ್ಟಬೇಕಾಗಲಿಲ್ಲ. ಇದೇ ದಾರಿಯಿಂದ ಪಶ್ಚಿಮ ಯುರೋಪಿನ ಹೆಚ್ಚಿನ ಕಡೆ ನರಿಗಳ ರೇಬಿಸ್ ಮುಗಿದೇಹೋಯಿತು.

ಊಟ ದಿನಾ ಬೇಡ. ಇಲಿ, ಎರೆಹುಳು, ಜೀರುಂಡೆ, ಬಿದ್ದ ಹಣ್ಣು ಹುಡುಕಿ ತಿನ್ನುವುದು ಅದಕ್ಕೆ ಬರುತ್ತದೆ. ಜಾಸ್ತಿ ಹಾಕಿದ್ದನ್ನು ಪಕ್ಕದವರ ಹೂಕುಂಡದಲ್ಲಿ ಹೂತಿಡುತ್ತದೆ, ಜಗಳ ನಿಮಗೆ ಬರುತ್ತದೆ. ಅಗಲವಾದ ಪಾತ್ರೆಯಲ್ಲಿ ನೀರಿಡಿ. ಆಟದ ಬಲೆ, ಗಿಡಕ್ಕೆ ಹಾಕಿದ ಬಲೆ ಇದ್ದರೆ ರಾತ್ರಿ ಸುತ್ತಿಡಿ. ಬಲೆಯಲ್ಲಿ ಕತ್ತು ಸಿಕ್ಕಿಕೊಂಡ ಮರಿಯನ್ನು ನಾನು ನೋಡಿದ್ದೇನೆ, ಎಳೆದಷ್ಟೂ ಬಿಗಿಯುತ್ತದೆ.

ಇವತ್ತೇ ಮಾಡಬಹುದಾದದ್ದು ಇದು: ರಾತ್ರಿ ಚಿತ್ರ ತೆಗೆಯುವ ಇನ್‌ಫ್ರಾರೆಡ್ ಕ್ಯಾಮೆರಾ ಸಿಕ್ಕಿದರೆ ಮೊಣಕಾಲೆತ್ತರಕ್ಕೆ ಕಟ್ಟಿ. ಇಲ್ಲದಿದ್ದರೆ ಕಿಟಕಿಯಿಂದ ಫೋನ್ ಸಾಕು, ಫ್ಲ್ಯಾಶ್ ಬೇಡ. ಎರಡೂ ಪಕ್ಕೆ, ಬಾಲದ ಬುಡ, ಕಣ್ಣು ಸ್ಪಷ್ಟವಾಗಿ ಬರಲಿ. ಕೆರೆದುಕೊಳ್ಳುವ ವಿಡಿಯೋ ಸಿಕ್ಕರೆ ಇನ್ನೂ ಒಳ್ಳೆಯದು. ಅದನ್ನು ರಕ್ಷಣಾ ತಂಡಕ್ಕೆ ಕಳಿಸಿ, ನನಗೂ ಇಲ್ಲಿ ತೋರಿಸಿ. ಕಣ್ಣು ಇನ್ನೂ ಪೂರ್ತಿ ತೆರೆದಿದ್ದರೆ ಸಮಯವಿದೆ.