ಮೈಗೆ ಬಟ್ಟಲು ಕವುಚಿ ಚರ್ಮವನ್ನು ಮೇಲಕ್ಕೆಳೆಯುವ ಕಪ್ಪಿಂಗ್ ಚಿಕಿತ್ಸೆಯಲ್ಲಿ ಬೆನ್ನಿನ ಮೇಲೆ ಬೀಳುವ ದುಂಡು ಕಲೆ ಏನು? ಮೈಯಲ್ಲಿರುವ ವಿಷ ಹೊರಬರುತ್ತದೆಯೇ?

ಇಲ್ಲ, ಅದು ವಿಷವಲ್ಲ. ಚರ್ಮದಡಿಯ ಸಣ್ಣ ರಕ್ತನಾಳಗಳು ಒಡೆದು ಅಲ್ಲೇ ಕಟ್ಟಿಕೊಂಡ ರಕ್ತ. ಪೆಟ್ಟು ಬಿದ್ದ ಜಾಗ ಕಂದುತ್ತದಲ್ಲ, ಹಾಗೆಯೇ. ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಮಾಸುತ್ತದೆ.

ಚೀನೀ ವೈದ್ಯರು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ಇಕ್ಕಳದಲ್ಲಿ ಹಿಡಿದು ಹೊತ್ತಿಸಿ, ಗಾಜಿನ ಬಟ್ಟಲೊಳಗೆ ಒಂದು ಕ್ಷಣ ಆಡಿಸಿ ತೆಗೆದು, ತಕ್ಷಣ ಬಟ್ಟಲನ್ನು ಬೆನ್ನಿಗೆ ಕವುಚುತ್ತಾರೆ. ಒಳಗಿನ ಬಿಸಿ ಗಾಳಿ ತಣಿದಂತೆ ಒತ್ತಡ ಇಳಿಯುತ್ತದೆ. ಚರ್ಮ ಪೂರಿಯಂತೆ ಉಬ್ಬಿ ಬಟ್ಟಲೊಳಗೆ ಏರಿ, ಕೆಂಪಾಗಿ, ನೇರಳೆಗೆ ತಿರುಗುತ್ತದೆ. ಕೆಲವು ನಿಮಿಷಗಳ ನಂತರ ಅಂಚಿನ ಬಳಿ ಬೆರಳಿನಿಂದ ಚರ್ಮವನ್ನು ಒತ್ತಿದರೆ ಗಾಳಿ ನುಗ್ಗಿ ಬಟ್ಟಲು ಕಳಚುತ್ತದೆ.

‘ಚಿ’ ಎಂಬ ಪ್ರಾಣಶಕ್ತಿ ಮತ್ತು ರಕ್ತ ಕಟ್ಟಿಕೊಂಡರೆ ನೋವು ಬರುತ್ತದೆ, ಬಟ್ಟಲು ಅದನ್ನು ಬಿಡಿಸುತ್ತದೆ ಎಂಬುದು ಆ ಪದ್ಧತಿಯ ವಿವರಣೆ. 4ನೇ ಶತಮಾನದ ಚೀನೀ ವೈದ್ಯ ಗೆ ಹೋಂಗ್ ಅವರ ಕಾಲದಲ್ಲಿ ಪ್ರಾಣಿಯ ಕೊಂಬು ಬಳಸುತ್ತಿದ್ದರು. ಬಿದಿರು, ಗಾಜು ಆಮೇಲೆ ಬಂದವು. ನಮ್ಮ ಆಯುರ್ವೇದದ ರಕ್ತಮೋಕ್ಷಣದಲ್ಲೂ (ರಕ್ತ ಹೊರತೆಗೆಯುವ ಚಿಕಿತ್ಸೆ) ಕೊಂಬು ಮತ್ತು ಸೋರೆಬುರುಡೆಗಳಿವೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕಲ್ ಫೆಲ್ಪ್ಸ್ ಅವರ ಭುಜದ ಕಲೆಗಳನ್ನು ಜಗತ್ತೇ ನೋಡಿತು.

ಕುತ್ತಿಗೆ, ಸೊಂಟದ ನೋವು ಕೆಲಕಾಲ ಇಳಿಯಬಹುದು ಎನ್ನುವ ಅಧ್ಯಯನಗಳಿವೆ, ಆದರೆ ಪುರಾವೆ ಗಟ್ಟಿಯಾಗಿಲ್ಲ. ಬೇರೆ ಕಾಯಿಲೆ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಗರ್ಭಿಣಿಯರು ಮೊದಲು ತಮ್ಮ ವೈದ್ಯರನ್ನು ಕೇಳಲೇಬೇಕು. ಬೆಂಕಿಯ ಕೆಲಸವಾದ್ದರಿಂದ ಸುಟ್ಟ ಗಾಯಗಳೂ ಆಗುತ್ತವೆ, ಮನೆಯಲ್ಲಿ ಪ್ರಯೋಗಿಸಬೇಡಿ.