ಕ್ರೈಸ್ತರು ಮತ್ತು ಯೆಹೂದ್ಯರ ಸಂವಾದದಿಂದ ಒಬ್ಬ ಸಾಮಾನ್ಯ ಭಕ್ತನಲ್ಲಿ ಏನಾದರೂ ಬದಲಾಗುತ್ತದೆಯೇ?

ದೊಡ್ಡವರು ವೇದಿಕೆ ಮೇಲೆ ಕೈಕುಲುಕಿದರೆ ನಮ್ಮಂಥವರಿಗೆ ಏನು ಬಂತು ಎಂದು ಕೇಳಿದ್ದೀರಿ. ನನಗೂ ಮೊದಲು ಹಾಗೇ ಅನಿಸುತ್ತಿತ್ತು. ನಾನು ಕ್ರೈಸ್ತ, ಭಾನುವಾರ ಮಕ್ಕಳಿಗೆ ಬೈಬಲ್ ಪಾಠ ಹೇಳಿಕೊಡುವವನು. ಮೂರು ವರ್ಷದಿಂದ ಒಬ್ಬ ಯೆಹೂದ್ಯ ಗೆಳೆಯರ ಜೊತೆ ವಾರಕ್ಕೊಂದು ಸಂಜೆ ಫೋನಿನಲ್ಲೇ ಬೈಬಲ್ ಓದುತ್ತಿದ್ದೇನೆ. ಇಬ್ಬರು ಕೂತು ವಾದ ಮಾಡುತ್ತಲೇ ಓದುವ ಪದ್ಧತಿ ಅವರಲ್ಲಿದೆ, ಹವ್ರುತಾ ಅನ್ನುತ್ತಾರೆ. ನಮ್ಮದೂ ಹೆಚ್ಚುಕಡಿಮೆ ಅದೇ.

ಮೊದಲ ಪೆಟ್ಟು ಬಿದ್ದದ್ದು 'ಫರಿಸಾಯ' ಎಂಬ ಪದಕ್ಕೆ. ಯೇಸುವಿನ ಕಾಲದ ಒಂದು ಯೆಹೂದ್ಯ ಪಂಗಡದವರ ಹೆಸರದು. ಆಷಾಢಭೂತಿ ಅನ್ನುವ ಅರ್ಥದಲ್ಲಿ ಯಾರನ್ನೋ ಹಾಗೆ ಬೈದೆ. ಅವರು ನಕ್ಕು, "ಅದು ನಮ್ಮ ಗುರುಪರಂಪರೆ ಕಣ್ರೀ" ಅಂದರು. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯ ಕೆಡವಿದ ಮೇಲೆ ಬೆಳೆದ ರಬ್ಬಿಗಳ, ಅಂದರೆ ಯೆಹೂದ್ಯ ಧರ್ಮಗುರುಗಳ, ಧರ್ಮದ ಬೇರು ಇರುವುದು ಫರಿಸಾಯರಲ್ಲೇ. ಇಷ್ಟು ವರ್ಷ ಪಾಠ ಹೇಳಿಯೂ ನನ್ನ ತಲೆಗೆ ಅದು ಹೋಗಿರಲಿಲ್ಲ.

ಆಮೇಲೆ ಮತ್ತಾಯ 27:25 ಬಂತು. ಯೇಸುವನ್ನು ಶಿಲುಬೆಗೇರಿಸಿ ಎನ್ನುವ ಯೆಹೂದ್ಯರ ಗುಂಪು, ಇವನ ರಕ್ತದ ಹೊಣೆ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ ಎಂದು ಕೂಗುವ ವಚನ. ಓದಿ ಮುಂದಕ್ಕೆ ಹೊರಟಿದ್ದೆ. ಅತ್ತಲಿಂದ ಸದ್ದೇ ಇಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು: ಯೇಸು ಶಿಲುಬೆಗೇರಿದ ಶುಭ ಶುಕ್ರವಾರ ಬಂತೆಂದರೆ ಅವರ ಅಜ್ಜಿಯ ಬಾಲ್ಯದಲ್ಲಿ ಮನೆಯ ಕಿಟಕಿ ಮುಚ್ಚುತ್ತಿದ್ದರಂತೆ, ಮಕ್ಕಳನ್ನು ಹೊರಗೆ ಬಿಡುತ್ತಿರಲಿಲ್ಲವಂತೆ. ಪ್ರಾರ್ಥನೆ ಮುಗಿಸಿ ಬಂದವರಲ್ಲಿ ಕಲ್ಲು ಹಿಡಿದವರೂ ಇರುತ್ತಿದ್ದರು. ವರ್ಷದಲ್ಲಿ ನಾನು ಉಪವಾಸವಿದ್ದು ಕಣ್ಣೀರು ಹಾಕುವ ದಿನ ಅದು.

ಆ ರಾತ್ರಿ ನಿದ್ದೆ ಬರದೆ ಓದುತ್ತಾ ಹೋದಾಗ ಸಿಕ್ಕವರು ಜೂಲ್ ಇಸಾಕ್. ಫ್ರಾನ್ಸಿನ ಯೆಹೂದ್ಯ ಇತಿಹಾಸಕಾರ. ಹೆಂಡತಿ, ಮಗಳನ್ನು ನಾಜಿಗಳಿಂದ ಕಳೆದುಕೊಂಡವರು. ಆ ದ್ವೇಷಕ್ಕೆ ಕ್ರೈಸ್ತ ಬೋಧನೆ ಹೇಗೆ ನೆಲ ಹದಮಾಡಿತು ಎಂದು ಹುಡುಕಿ, 1960ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಪೋಪ್ 23ನೇ ಜಾನ್ ಅವರನ್ನು ಕಂಡರು. ಯೇಸುವಿನ ಮರಣದ ತಪ್ಪನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸುವಂತಿಲ್ಲ ಎನ್ನುವ ಕಥೋಲಿಕ ಸಭೆಯ ಘೋಷಣೆ 'ನೋಸ್ತ್ರಾ ಏತಾತೆ' ಹೊರಬಿದ್ದದ್ದು 1965ರ ಅಕ್ಟೋಬರ್ 28ರಂದು. ನೋಡಲು ಇಬ್ಬರೂ ಇರಲಿಲ್ಲ, 1963ರಲ್ಲೇ ತೀರಿಕೊಂಡಿದ್ದರು. ನಾನು ಕಥೋಲಿಕನಲ್ಲ, ಆದರೂ ವೇದಿಕೆಯ ಕೈಕುಲುಕಾಟವನ್ನು ಆಮೇಲೆ ಹಗುರವಾಗಿ ಕಂಡಿಲ್ಲ.

ಈಗ ಆ ವಚನ ಬಂದರೆ, ಯೇಸು, ಆತನ ತಾಯಿ, ಶಿಷ್ಯರು ಎಲ್ಲರೂ ಯೆಹೂದ್ಯರೇ ಎಂದು ಮಕ್ಕಳಿಗೆ ಹೇಳದೆ ಪುಟ ತಿರುವುವುದಿಲ್ಲ. ಗೆಳೆಯರು ಕೊನೆಯ ಬೆಂಚಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಾರೆ ಅನಿಸುತ್ತದೆ.

ಖುಷಿಯೂ ಇದೆ. ನಮ್ಮ ಹಳೆ ಒಡಂಬಡಿಕೆ, ಅವರ ತನಖ್ ಎರಡರಲ್ಲೂ ಇರುವುದು ಅವೇ ಗ್ರಂಥಗಳು, ಜೋಡಣೆ ಬೇರೆ. ನಮ್ಮದು ಮಲಾಕಿಯಲ್ಲಿ, ಪ್ರವಾದಿ ಎಲೀಯ ಬರುತ್ತಾನೆ ಎಂಬಲ್ಲಿಗೆ ಮುಗಿಯುತ್ತದೆ. ಅವರದು ಪೂರ್ವಕಾಲವೃತ್ತಾಂತದಲ್ಲಿ, ಪರ್ಷಿಯದ ಅರಸ ಕೋರೆಷ ಸೆರೆಯಲ್ಲಿದ್ದ ಯೆಹೂದ್ಯರಿಗೆ ಯೆರೂಸಲೇಮಿಗೆ ಹೊರಡಿ ಎನ್ನುವಲ್ಲಿಗೆ. ನಾವು ಕಾಯುತ್ತಾ ಪುಸ್ತಕ ಮುಚ್ಚುತ್ತೇವೆ, ಅವರು ಗಂಟುಮೂಟೆ ಕಟ್ಟುತ್ತಾ.

ಒಮ್ಮತ ಬಂತೇ? ಇಲ್ಲ. ಯೆಶಾಯ 53ರ ಬಾಧೆಪಡುವ ಸೇವಕ ನನಗೆ ಯೇಸು, ಅವರಿಗೆ ಇಸ್ರಾಯೇಲ್ ಜನ. ಮೂರು ಸಂಜೆ ಅದರಲ್ಲೇ ಹೋಯಿತು, ಇಬ್ಬರೂ ಪಟ್ಟು ಬಿಡಲಿಲ್ಲ. ಆ ಸೇವಕನ ಮಾತು ಶುರುವಾಗುವ 52ನೇ ಅಧ್ಯಾಯದ ಕೊನೆಯ ಮೂರು ವಚನ ಬಿಟ್ಟು ಓದಿದ್ದೇ ನಿಮ್ಮ ತಪ್ಪು ಅನ್ನುತ್ತಾರೆ. ಮುಂದಿನ ವಾರ ಅಲ್ಲಿಂದ ಮತ್ತೆ ಶುರು.